ಬಿಸಿಯಾಗದ ಗಾಡಿ

ಕಾರಿನ ಸೆನ್ಸರ್ ಕದ್ದವನು ಭೀಮುವೇ ಎಂಬುದರಲ್ಲಿ ಏಕನಾಥರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅಸಲಿಯನ್ನು ಬಿಚ್ಚಿ ಮಾರಿಕೊಂಡು, ಎಲ್ಲಿಯದೋ ಗುಜರಿ ಮಾಲು ಕೂಡಿಸಿದ್ದಾನೆ. ಇಲ್ಲದಿದ್ದರೆ ಹೋದ ತಿಂಗಳಷ್ಟೇ ಹಾಕಿಸಿದ ಸೆನ್ಸರ್ ಮತ್ತೆ ಕೆಡುವುದೆಂದರೇನು? ಡ್ಯಾಶ್‌ಬೋರ್ಡಿನ ಹಳದಿ ದೀಪ ಮತ್ತೆ ಹತ್ತಿಕೊಂಡು ಕೂತಿತ್ತು.

“ನಿಜ ಹೇಳು. ಎಲ್ಲಿ ಮಾರಿದಿ?”

“ಮಾರಿಲ್ರೀ ಸಾಹೇಬ್ರ.” ಡ್ರೈವರ್ ಭೀಮು ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದ.

“ಮತ್ತ ಅದಕ್ಕ ಕಾಲು ಬಂದು ತಾನ ನಡಕೋತ ಹೋತೇನು?”

ಪುಣೆಯ ಕಾತ್ರಜದ ಆ ಗ್ಯಾರೇಜಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಏಕನಾಥರು ಕೂತಿದ್ದರು. ಹೆಂಡತಿ ಸಾವಿತ್ರಿಬಾಯಿ ಪಕ್ಕದಲ್ಲಿ ನಿಂತಿದ್ದರು. ಬೆಳಗಾವಿ ಕಡೆಯ ಮೆಕ್ಯಾನಿಕ್ ಪ್ರಲ್ಹಾದ ಕಾರಿನ ಅಡಿಗೆ ತೂರಿದ್ದ.

ಏಕನಾಥರು ಮೂವತ್ತನಾಲ್ಕು ವರ್ಷ ನೀರಾವರಿ ಕಚೇರಿಯ ಜೀಪಿನಲ್ಲಿ ಓಡಾಡಿದವರು. ತಾವು ಮಾತ್ರ ಗಾಡಿ ಕಲಿಯಲಿಲ್ಲ. ಸ್ಟಿಯರಿಂಗ್ ಹಿಡಿಯುವುದು ಹುಕುಂ ಕೇಳುವವರ ಕೆಲಸ, ಕೊಡುವವರ ಜಾಗ ಹಿಂದಿನ ಸೀಟು. ಭೀಮು ಯಾದಗಿರಿ ಕಡೆಯವನು, ಇಪ್ಪತ್ತು ವರ್ಷ ಲಾರಿ ಹೊಡೆದವನು. ಪುಣೆಗೆ ಮಣ್ಣು ಹೊರಲು ಬಂದ ಜನ ಸ್ಟಿಯರಿಂಗ್ ಹಿಡಿದರೆ ಇನ್ನೇನಾದೀತು ಎಂದು ಏಕನಾಥರು ಅವನೆದುರೇ ಹೇಳುತ್ತಿದ್ದರು. ಬಂಗಲೆಯ ಹಿಂದಿನ ಖೋಲಿಯಲ್ಲಿ ಅವನ ಸಂಸಾರ. ಮಗಳು ಭಾಗ್ಯಾಳ ಹತ್ತನೆಯ ತರಗತಿಯ ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಕಳವು ಸಾಬೀತಾದರೆ ಸಂಜೆಯೊಳಗೆ ಖೋಲಿ ಖಾಲಿಯಾಗಬೇಕೆಂದು ಬೆಳಿಗ್ಗೆಯೇ ಅಪ್ಪಣೆಯಾಗಿತ್ತು.

ಪ್ರಲ್ಹಾದ ಹೊರಗೆ ಬಂದ. ಕೈಯಲ್ಲಿ ಸಣ್ಣ ಕಡ್ಡಿಯಂಥ ಸೆನ್ಸರ್. ಸೈಲೆನ್ಸರಿಗೆ ಹೋಗುವ ಹೊಗೆ ಎಷ್ಟು ಬಿಸಿಯಾಗಿದೆ ಎಂದು ಇಂಜಿನ್ನಿಗೆ ತಿಳಿಸುವುದು ಅದರ ಕೆಲಸ. ಅದನ್ನು ವಾಯರಿಗೆ ಸಿಕ್ಕಿಸಿ, ಬಿಸಿಗಾಳಿಯ ಗನ್ ಹಿಡಿದ. ಪರದೆಯ ಮೇಲಿನ ಅಂಕಿ ಮೂವತ್ತರಿಂದ ಏರುತ್ತ ಮುನ್ನೂರು ಮುಟ್ಟಿತು. ಗನ್ ಸರಿಸಿದ. ಅಂಕಿ ಇಳಿಯಿತು.

“ಅಸಲಿ ಮಾಲ ಐತ್ರಿ. ಕೆಟ್ಟೂ ಇಲ್ಲ. ಖರೇನ ಹೇಳಾಕತ್ತೈತಿ.”

“ಏನು ಖರೆ?”

“ಗಾಡಿ ಬಿಸಿನ ಆಗವಲ್ದು ಅಂತ. ಡೀಸೆಲ್ ಹೊಗಿಯೊಳಗಿನ ಮಸಿ ಹೊಗಿ ಸೋಸೋ ಜಾಳಗಿಯೊಳಗ ಕೂಡತೈತ್ರಿ. ಹೈವೇ ಮ್ಯಾಲ ಅರ್ಧಾ ತಾಸು ಜೋರ ಹೊಡದ್ರ ಆ ಬಿಸಿಗೆ ಸುಟ್ಟು ಹೋಗತೈತಿ. ಅಷ್ಟು ಬಿಸಿನ ಆಗವಲ್ದು, ಅದಕ್ಕ ದೀಪ ಹತ್ತತೈತಿ.”

ಏಕನಾಥರಿಗೆ ನಿರಾಸೆಯಾಯಿತು. ಆದರೆ ಅವರ ಬಳಿ ಇನ್ನೊಂದು ಬಾಣವಿತ್ತು. ಭೀಮು ಕದ್ದು ಸಾತಾರಾ ಹಾದಿಯಲ್ಲಿ ಪ್ರಯಾಣಿಕರನ್ನು ಸಾಗಿಸಿ ದುಡ್ಡು ಮಾಡುತ್ತಾನೆಂಬ ಗುಮಾನಿಯಿಂದ, ಹೋದ ವಾರವೇ ಗಾಡಿಯ ಓಡಾಟ ದಾಖಲಿಸುವ ಪೆಟ್ಟಿಗೆಯೊಂದನ್ನು ಬೇರೆ ಯಾರಿಗೂ ತಿಳಿಯದಂತೆ ಪ್ರಲ್ಹಾದನಿಂದ ಹಾಕಿಸಿದ್ದರು.

“ಅದನ್ನ ತಗಿ,” ಎಂದರು.

ಪ್ರಲ್ಹಾದ ಸೆನ್ಸರನ್ನು ಮೊದಲಿನ ಜಾಗದಲ್ಲೇ ಕೂಡಿಸಿ, ಪೆಟ್ಟಿಗೆಯ ದಾಖಲೆ ಓದಿದ. ದಿನವೂ ಮಧ್ಯಾಹ್ನ ಎರಡರಿಂದ ಮೂರೂವರೆ, ಇಂಜಿನ್ ಚಾಲೂ.

ಏಕನಾಥರು ನಕ್ಕರು. ಇಷ್ಟು ವರ್ಷ ಪುಣೆಯಲ್ಲಿದ್ದು ಮರಾಠಿಯನ್ನು ಅರೆಬರೆ ಕಲಿತರೂ, ಇಲ್ಲಿಯ ಒಂದರಿಂದ ನಾಲ್ಕರ ನಿದ್ದೆಯನ್ನು ಅವರು ಪೂರಾ ಕಲಿತಿದ್ದರು. ಆ ಹೊತ್ತಿನಲ್ಲಿ ಫೋನು ಬಂದ್, ಕರೆಗಂಟೆ ಬಂದ್. ಮನೆಗೆ ಬೆಂಕಿ ಬಿದ್ದರೂ ನಾಲ್ಕರವರೆಗೆ ಕಾಯಬೇಕು. ಕಳ್ಳ ಸರಿಯಾದ ಹೊತ್ತನ್ನೇ ಆರಿಸಿದ್ದ.

“ಸಾತಾರಾಕ್ಕ ಹೋಗ್ಯಾನ ಹೌದಲ್ಲೋ?”

“ಇಲ್ರಿ. ತಾಸಿಗೆ ಇಪ್ಪತ್ತು ಕಿಲೋಮೀಟರ್ ದಾಟಿಲ್ಲ. ಅರ್ಧಾ ಹೊತ್ತು ನಿಂತಲ್ಲೇ ಚಾಲೂ ಐತಿ. ಕ್ಲಚ್ ಸೈತ ಸುಟ್ಟ ವಾಸನಿ ಹೊಡ್ಯಾಕತ್ತೈತ್ರಿ.”

“ತಿಳೀತು. ಎಸಿ ಹಚ್ಚಿಕೊಂಡು ಗೊರಕಿ ಹೊಡದಾನ. ಕಾಲು ಕ್ಲಚ್ ಮ್ಯಾಲ. ಎಮ್ಮಿ ಕೆರಿಯೊಳಗ ಬಿದ್ದಂಗ.”

ಸಾವಿತ್ರಿಬಾಯಿ ಮೆಲ್ಲಗೆ ಕೇಳಿದರು. “ಸಾವಕಾಶ ಓಡಿಸಿದ್ರೂ ಗಾಡಿ ಕೆಡತದೇನ್ರಿ?”

“ದಿನಾ ಹಂಗ ಓಡಿಸಿದ್ರ ಕೆಡತೈತ್ರಿ, ಅಕ್ಕಾರ.”

“ನೀ ಸುಮ್ಮನಿರು,” ಎಂದರು ಏಕನಾಥರು. “ಮಿಕ್ಸರ್ ಗುಂಡಿ ಒತ್ತಲಿಕ್ಕೆ ಹೆದರೋಳಿಗೆ ಗಾಡಿ ಮಾತು ಯಾಕ ಬೇಕು?”

“ಅವನ್ನ ಕೆಲಸಾ ಬಿಡಸಬ್ಯಾಡ್ರಿ. ಅವಂದೇನೂ ತಪ್ಪಿಲ್ಲ.”

“ಇವಳೊಬ್ಬಳು ವಕೀಲಳು ಬಂದಳು ನೋಡ್ರಿ.” ಪ್ರಲ್ಹಾದನ ಕಡೆ ನೋಡಿ ಮತ್ತೆ ನಕ್ಕರು. ಪ್ರಲ್ಹಾದ ನಗಲಿಲ್ಲ. ಏಕನಾಥರು ಭೀಮುವಿನತ್ತ ತಿರುಗಿದರು. “ಕಡೀ ಸಲ ಕೇಳತೇನಿ. ಎರಡರಿಂದ ಮೂರೂವರಿ ತನಕ ಗಾಡ್ಯಾಗ ಏನ ಮಾಡತಿದ್ದಿ?”

ಭೀಮು ನೆಲ ನೋಡಿದ. “ಸುಮ್ಮ ಕುಂತಿದ್ನಿರಿ.”

“ಅದ, ನಾನೂ ಅದನ್ನ ಹೇಳಿದ್ದು. ಕೀಲಿ ತಾ ಇಲ್ಲೆ. ಸಂಜೀ ಒಳಗ ಖೋಲಿ ಬಿಡು. ಪರೀಕ್ಷಾ ಗಿರೀಕ್ಷಾ ಅಂತ ನನ್ನ ಮುಂದ ಅಳಬ್ಯಾಡ. ನಿಮ್ಮ ಜನಕ್ಕ ಓದು ಎಲ್ಲಿ ಹತ್ತತದ?”

ಭೀಮು ಅವರ ಅಂಗೈಯಲ್ಲಿ ಕೀಲಿ ಇಟ್ಟ. ಒಮ್ಮೆ ಕೈಮುಗಿದು, ರಸ್ತೆಯ ಕಡೆ ಹೆಜ್ಜೆ ಹಾಕಿದ.

ಅವನ ಬೆನ್ನು ನೋಡುತ್ತ ಏಕನಾಥರು ತೃಪ್ತಿಯಿಂದ ಎದ್ದು ನಿಂತರು. ಆಗಲೇ ಅವರಿಗೆ ಹೊಳೆದದ್ದು, ಗಾಡಿಯನ್ನು ಮನೆಗೆ ಒಯ್ಯುವವರು ಯಾರೂ ಉಳಿದಿಲ್ಲವೆಂದು.

“ಪ್ರಲ್ಹಾದ, ಓಡಿಸಲಿಕ್ಕೆ ಯಾರನ್ನರ ಕಳಸು.”

ಪ್ರಲ್ಹಾದ ಉತ್ತರಿಸುವ ಮೊದಲೇ ಅವರ ಅಂಗೈ ಬರಿದಾಯಿತು. ಕೀಲಿ ಎತ್ತಿಕೊಂಡ ಸಾವಿತ್ರಿಬಾಯಿ ಕಾರನ್ನು ಸುತ್ತುಹಾಕಿ, ನೆರಿಗೆ ಎತ್ತಿ ಹಿಡಿದು, ಸ್ಟಿಯರಿಂಗಿನ ಹಿಂದೆ ಕೂತರು.

“ಭೀಮು, ಬಾ, ದಿನದಂಗ ನನ್ನ ಬಾಜೂಕ ಕೂಡು,” ಎಂದು ಕೂಗಿ, ಗಂಡನ ಕಡೆ ತಿರುಗಿದರು. “ನೀವು ಹಿಂದ ಹತ್ರಿ. ಹೈವೇಕ್ಕ ಹೋಗೋಣ. ಇಷ್ಟು ದಿವಸ ಎರಡನೇ ಗೇರ್ ದಾಟಸಲಿಕ್ಕೆ ನನಗ ಧೈರ್ಯ ಆಗಿರಲಿಲ್ಲ.”