ಬೀರುವಿನೊಳಗಿನ ರಿಜಿಸ್ಟರು

"ಮಕ್ಕಳು ಹರಿದು ಹಾಕಿದ್ರೆ ಮೇಲಿನವರಿಗೆ ನಾನು ಉತ್ತರ ಕೊಡ್ಬೇಕು," ಎನ್ನುತ್ತಿದ್ದ ಹೆಡ್‌ಮಾಸ್ಟರರ ಕೈಯಿಂದ ಟೀಚರ್ ಬೀಗದ ಕೈಯನ್ನು ಕಿತ್ತುಕೊಂಡೇಬಿಟ್ಟಳು. ಬೀರು ತೆರೆದರೆ, ಮೂರು ವರ್ಷದ ಹಿಂದೆ ಬಂದ ಪುಸ್ತಕಗಳಲ್ಲಿ ಒಂದರ ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ. "ಇವನ್ನಿಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ ಸಾರ್?" ಆಕೆಯ ದನಿಗೆ ಇಡೀ ಏಳನೇ ತರಗತಿ ಬೀರುವಿನತ್ತ ಕತ್ತು ಚಾಚಿತು.

'ನಮ್ಮ ಶಾಲೆಯಲ್ಲಿ ಯಾರು ಎಷ್ಟು ಓದುತ್ತಾರೆ' ಎಂಬ ಪ್ರಾಜೆಕ್ಟು ಹಿಡಿದಿದ್ದ ಹುಡುಗಿ ಮಾತ್ರ ನೋಟುಬುಕ್ಕಿನೊಡನೆ ಮುಂದೆ ಬಂದು, ಕೆಳಗಿನ ಖಾನೆಯಲ್ಲಿದ್ದ, ಮಕ್ಕಳಿಗೆ ಪುಸ್ತಕ ಕೊಟ್ಟ ಲೆಕ್ಕದ ರಿಜಿಸ್ಟರನ್ನು ಎಳೆದು ಬಿಡಿಸಿದಳು. "ಮಿಸ್, ನಾಲ್ಕನೇ ಕ್ಲಾಸಲ್ಲೇ ನಾನು ಹದಿನೇಳು ಪುಸ್ತಕ ಓದಿದ್ದೀನಂತೆ! ಆಗ ನಂಗೆ ಓದೋಕೇ ಬರ್ತಿರ್ಲಿಲ್ಲ."

"ನೋಡಿ ಸಾರ್, ಯಾವ ಪುಣ್ಯಾತ್ಮರ ಕೆಲಸ ಇದು?" ಎಂದು ರಿಜಿಸ್ಟರಿನತ್ತ ಬಗ್ಗಿದ ಟೀಚರ್‌ಗೆ ಕಂಡದ್ದು ತನ್ನದೇ ಅಕ್ಷರ. ಆ ವರ್ಷದ ತಪಾಸಣೆಯ ಹಿಂದಿನ ದಿನ ಹೆಡ್‌ಮಾಸ್ಟರರು "ಸುಮ್ನೆ ತುಂಬಿಸಿ" ಎಂದದ್ದು, ತಾನು ಹಾಜರಿ ಪುಸ್ತಕ ಎದುರಿಟ್ಟುಕೊಂಡು ಮಕ್ಕಳ ಹೆಸರುಗಳನ್ನು ಗೀಚಿ ಎಸೆದದ್ದು ಮರೆತೇಹೋಗಿತ್ತು. ಹೆಡ್‌ಮಾಸ್ಟರರು ಈಗ ಮೀಸೆಯಡಿ ನಗುತ್ತಿದ್ದರು.

ಹುಡುಗಿ ತನ್ನ ನೋಟುಬುಕ್ಕನ್ನು ರಿಜಿಸ್ಟರಿನ ಪಕ್ಕದಲ್ಲಿಟ್ಟಳು. ಅದರಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದ ಒಕ್ಕಣೆಯ ಅಕ್ಷರವನ್ನೂ ರಿಜಿಸ್ಟರಿನ ಅಕ್ಷರವನ್ನೂ ಬೆರಳಿಟ್ಟು ಹೋಲಿಸಿದಳು. ತಲೆಯೆತ್ತಿದಾಗ ಅವಳ ಮೂಗಿನ ಹೊಳ್ಳೆಗಳು ಸಿಟ್ಟಿನಿಂದ ಅದುರುತ್ತಿದ್ದವು. "ಪ್ರಾಜೆಕ್ಟಲ್ಲಿ ಮಾಹಿತಿ ಎಲ್ಲಿಂದ ತಗೊಂಡಿದ್ದು, ಯಾರು ಬರೆದದ್ದು, ಎರಡೂ ಹಾಕ್ಲೇಬೇಕು ಅಂತ ನೀವೇ ಹೇಳಿಕೊಟ್ಟಿದ್ದು ಮಿಸ್. ಯಾರ ಹೆಸರು ಹಾಕ್ಲಿ?"

"ನಂದು," ಎಂದಳು ಟೀಚರ್. ಹೆಡ್‌ಮಾಸ್ಟರರ ನಗು ಇನ್ನೂ ಹಾಗೇ ಇತ್ತು. "ಅದರ ಕೆಳಗೆ, ಬರೆಸಿದವರು ಅಂತ ಸಾರ್ ಹೆಸರೂ ಹಾಕು."