ಎರಡನೆಯ ಹಾಳೆ

ಶಾಲು ಹೊದಿಸಿದ್ದಾಯಿತು, ಪೇಟ ತೊಡಿಸಿದ್ದಾಯಿತು, ಹಣ್ಣಿನ ಬುಟ್ಟಿಯೂ ಕೈಸೇರಿತು. ಇನ್ನು ಉಳಿದದ್ದು ಸನ್ಮಾನ ಪತ್ರ ಓದುವುದೊಂದೇ. ವೇದಿಕೆಯ ಬದಿಯಲ್ಲಿ ನಿಂತಿದ್ದ ವಿಜಿ ನೀಲಿ ಫೈಲನ್ನು ಎದೆಗೆ ಅವುಚಿಕೊಂಡಳು. ಒಳಗೆ ಎರಡು ಹಾಳೆಗಳಿದ್ದವು. ಮೊದಲನೆಯದನ್ನು ಕನ್ನಡ ಸಂಘದ ಕಾರ್ಯದರ್ಶಿ ಸುಬ್ಬು ಓದಿ ಒಪ್ಪಿದ್ದ. ಎರಡನೆಯದು ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಅಮೆರಿಕದ ಬ್ರಿಡ್ಜ್‌ವಾಟರಿನ ಆ ಶಾಲಾ ಸಭಾಂಗಣದಲ್ಲಿ ಮುನ್ನೂರು ಜನ ಕೂತಿದ್ದರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ನಿವೃತ್ತ ಜನರಲ್ ಕೇಶವಮೂರ್ತಿ. ಎಪ್ಪತ್ತೆಂಟರಲ್ಲೂ ನೆಟ್ಟಗಿನ ಬೆನ್ನು, ಕೋಟಿನ ಮೇಲೆ ಎರಡು ಸಾಲು ಪದಕ. ವಿಜಿಯ ಕಣ್ಣು ಮೇಲಿನ ಸಾಲಿನ ಮೂರನೆಯದರ ಮೇಲಿತ್ತು.

ಆ ಪದಕದ ವರ್ಷ ಅವಳಿಗೆ ಬಾಯಿಪಾಠ. ಅದೇ ವರ್ಷ ಅವಳ ಅಣ್ಣ ಮಂಜುನಾಥ ಅರಸೀಕೆರೆಯ ಮನೆಗೆ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಬಂದಿದ್ದ. ಗಡಿಯ ಭದ್ರತಾ ಶಿಬಿರವೊಂದರಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವನು. ಅಲ್ಲಿ ಕೂಡಿಹಾಕಿದವರಿಗೆ ಏನೇನು ಮಾಡುತ್ತಾರೆ ಎಂದು ಪತ್ರಿಕೆಯೊಂದಕ್ಕೆ ಬರೆದಿದ್ದ. ಆಮೇಲೆ ಒಂಬತ್ತು ದಿನ ಅವನನ್ನೇ ಒಳಗೆ ಕೂರಿಸಿದರು. ಹೃದಯ ನಿಂತಿತು ಎಂದು ಕಾಗದ ಹೇಳಿತು. ದೇಶದ್ರೋಹಿ ಎಂದು ಊರು ಹೇಳಿತು. ಪೆಟ್ಟಿಗೆ ತೆರೆಸಿ ಮಗನ ಬೆರಳುಗಳನ್ನು ನೋಡಿದ ಅಪ್ಪ ಆಮೇಲೆ ಏನನ್ನೂ ಹೇಳಲಿಲ್ಲ, ಸಾಯುವವರೆಗೂ. ಕಾಗದದ ಕೆಳಗೆ ಶಿಬಿರದ ಮುಖ್ಯಸ್ಥರ ರುಜುವಿತ್ತು: ಕರ್ನಲ್ ಕೇಶವಮೂರ್ತಿ.

ಆಗ ವಿಜಿಗೆ ಹದಿನಾರು. ಈಗ ಐವತ್ತು.

ಆ ರುಜುವಿನ ಮನುಷ್ಯನನ್ನು ಅವಳು ಕಣ್ಣಾರೆ ಕಂಡದ್ದು ಈ ವರ್ಷವೇ, ವುಡ್‌ಬ್ರಿಡ್ಜಿನ ಲೈಬ್ರರಿಯಲ್ಲಿ. ಶನಿವಾರಗಳಂದು ಅಲ್ಲಿ ಹಿರಿಯರಿಗೆ ಸಿಟಿಜನ್‌ಶಿಪ್ ಫಾರಂ ತುಂಬಿಕೊಡುತ್ತಿದ್ದಳು. ತಾರೀಖಿನಲ್ಲಿ ಒಂದಂಕೆ ತಪ್ಪಿದರೂ ಬೆವರುವ ಹೆಂಗಸು. ಸುಳ್ಳು ಬರೆದರೆ ಗ್ರೀನ್ ಕಾರ್ಡು ಕಿತ್ತುಕೊಂಡು ವಾಪಸ್ ವಿಮಾನ ಹತ್ತಿಸುತ್ತಾರೆ ಎಂದು ಎಲ್ಲರಿಗೂ ಹೆದರಿಸಿ, ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳುವಳು. ಕೇಳುವ ತಾಳ್ಮೆ ಯಾರಿಗೂ ಇಲ್ಲ. ಕೊನೆಯ ಪುಟಗಳು ಬಂದರೆ ಸಾಕು, ಎಲ್ಲ ಅಂಕಲ್ ಆಂಟಿಯರದೂ ಒಂದೇ ಮಾತು: ಅಲ್ಲೆಲ್ಲಾ ನೋ ಹಾಕ್ಬಿಡಮ್ಮ.

ಜನರಲ್ ಹೇಳಿದ್ದೂ ಅದನ್ನೇ. ವಿಜಿ ಎರಡು ಪ್ರಶ್ನೆಗಳನ್ನು ಬಿಡದೆ ಎರಡೆರಡು ಸಲ ಓದಿದಾಗ ವಾಚು ನೋಡಿಕೊಂಡು ನಕ್ಕಿದ್ದರು. ಅವಳ ಊರು ಯಾವುದು, ಯಾರ ಮಗಳು, ಕೇಳಲಿಲ್ಲ. ಅಕ್ಷರ ಮುತ್ತಿನಂತಿದೆ ಎಂದರು.

ಸಂಘ ಅವರನ್ನು ಸನ್ಮಾನಿಸುತ್ತದೆ ಎಂದು ತಿಳಿದ ದಿನ ವಿಜಿ ತಾನೇ ಸುಬ್ಬುಗೆ ಫೋನ್ ಮಾಡಿ, ಪತ್ರ ನಾನು ಬರೆಯುತ್ತೇನೆ ಎಂದಳು. ಮೂರು ಭಾನುವಾರ ಜನರಲ್ ಅವರ ಮಗಳ ಮನೆಗೆ ಹೋದಳು. ಅವರು ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು.

"ನನ್ನ ಕ್ಯಾಂಪಿಂದ ಬಾಯಿ ಬಿಡದೆ ಹೊರಗೆ ಹೋದವನು ಒಬ್ಬನೂ ಇಲ್ಲ. ಅದನ್ನ ಬರ್ಕೋಮ್ಮ, ಮುಖ್ಯ ಅದು."

"ಎಲ್ಲಾರೂ ಬದುಕಿ ಹೋದ್ರಾ ಅಂಕಲ್?"

"ಕೆಲವರಿಗೆ ಹಾರ್ಟ್ ವೀಕು," ಎಂದು ಅವರು ಕಾಫಿ ಹೀರಿದರು.

ಅಂದೇ ಅವಳು ಎರಡನೆಯ ಹಾಳೆಗೆ ಕೈಹಾಕಿದ್ದು. ಹದಿನೈದು ದಿನ ಬರೆದಳು, ಹರಿದಳು, ಮತ್ತೆ ಬರೆದಳು. ಎಡಿಸನ್ನಿನ ಸಂಜೆ ತರಗತಿಯ ಟೀಚರಿಗೆ ತೋರಿಸಿ ಎರಡು ಸಲ ತಿದ್ದಿಸಿದಳು. ಅದರಲ್ಲಿ ಒಂದು ಪದವೂ ಸುಳ್ಳಿರಬಾರದು. ನಡುನಡುವೆ ಅಳುಕಿದಳು ಕೂಡ. ಮುದುಕ, ಮೊಮ್ಮಗಳು ಕುತ್ತಿಗೆಗೆ ಜೋತುಬೀಳುತ್ತಾಳೆ, ನಾನು ಮಾಡುತ್ತಿರುವುದು ಸರಿಯೇ? ಆಗೆಲ್ಲ ಅಣ್ಣನ ಬೆರಳುಗಳನ್ನು ನೆನೆಸಿಕೊಂಡಳು. ಒಂದರಲ್ಲೂ ಉಗುರಿರಲಿಲ್ಲ.

ಸುಬ್ಬು ಮೈಕಿನಲ್ಲಿ ಹೆಸರು ಕರೆದ.

ವಿಜಿ ಮೊದಲನೆಯ ಹಾಳೆ ತೆಗೆದಳು. ಓದತೊಡಗಿದಳು. ಯುದ್ಧಗಳು ಬಂದವು, ಪದಕಗಳು ಬಂದವು. "ಮೂರು ವರ್ಷ ಬಂಧಿತರ ಶಿಬಿರದ ಮುಖ್ಯಸ್ಥರಾಗಿ, ನಾನೂರು ಮಂದಿಯನ್ನು ಖುದ್ದಾಗಿ ವಿಚಾರಿಸಿ, ನಿದ್ದೆ ನೀರು ಕೊಡದೆ ಬಾಯಿ ಬಿಡಿಸಿದ ಧೀರರಿವರು" ಎಂದು ಓದಿದಾಗ ಚಪ್ಪಾಳೆ ಸೂರಿಗೆ ಮುಟ್ಟಿತು. ಜನರಲ್ ಕೈಯೆತ್ತಿ ಸ್ವೀಕರಿಸಿದರು.

ಹಾಳೆ ಮುಗಿಯಿತು. ವಿಜಿಯ ಬೆರಳು ಫೈಲಿನೊಳಗೆ ಎರಡನೆಯದರ ಅಂಚನ್ನು ಮುಟ್ಟಿತು. ಮುನ್ನೂರು ಜನ, ಕೈಯಲ್ಲಿ ಮೈಕು, ಮೂವತ್ತನಾಲ್ಕು ವರ್ಷ.

ಅವಳು ಫೈಲು ಮುಚ್ಚಿದಳು. ಜನರಲ್‌ಗೆ ಕೈಮುಗಿದು ಮೆಟ್ಟಿಲಿಳಿದಳು.

ಊಟದ ಸಾಲಿನಲ್ಲಿ ಜನರಲ್ ಅವಳನ್ನು ಹುಡುಕಿಕೊಂಡು ಬಂದರು. ಪೇಟ ಇನ್ನೂ ತಲೆಯ ಮೇಲಿತ್ತು.

"ಭೇಷ್ ಕಣಮ್ಮ. ಮಂಗಳವಾರ ನ್ಯೂವಾರ್ಕಲ್ಲಿ ನನ್ನ ಸಿಟಿಜನ್‌ಶಿಪ್ ಇಂಟರ್ವ್ಯೂ. ಇದನ್ನ ಇಂಗ್ಲಿಷಲ್ಲಿ ಮಾಡಿಕೊಡ್ತೀಯಾ? ಆ ಆಫೀಸರ್‌ಗೆ ಗೊತ್ತಾಗ್ಲಿ, ಯಾರ ಹತ್ರ ಮಾತಾಡ್ತಿದೀನಿ ಅಂತ."

"ನೀವು ಕೇಳೇ ಕೇಳ್ತೀರ ಅಂತ ಗೊತ್ತಿತ್ತು ಅಂಕಲ್," ಎಂದು ವಿಜಿ ಎರಡನೆಯ ಹಾಳೆಯನ್ನು ಹೊರಗೆ ತೆಗೆದಳು. ಮೊದಲನೆಯದೇ, ಇಂಗ್ಲಿಷಿನಲ್ಲಿ.

ಅವರು ಕನ್ನಡಕ ಏರಿಸಿಕೊಂಡು ಓದಿದರು. ತಲೆದೂಗಿದರು. ಒಂದಕ್ಷರ ಬಿಟ್ಟಿಲ್ಲ ಎಂದರು.

"ಎಲ್ಲಾ ನಿಜ ಅಂತ ಕೆಳಗೊಂದು ಸೈನ್ ಹಾಕಿ."

ಪದವಿಯ ಸಮೇತ, ದಪ್ಪಗೆ, ರುಜು ಬಿತ್ತು.

ಸಿಟಿಜನ್‌ಶಿಪ್ ಫಾರಂನ ಕೊನೆಯ ಪುಟದಲ್ಲಿ, ಬರೆದದ್ದೆಲ್ಲ ನಿಜವೆಂಬ ಪ್ರಮಾಣದ ಕೆಳಗಿದ್ದದ್ದೂ ಅದೇ ರುಜು. ಅದಕ್ಕಿಂತ ಮೇಲೆ, ಜನರನ್ನು ಕೂಡಿಹಾಕುವ ಶಿಬಿರದಲ್ಲಿ ಎಂದಾದರೂ ಕೆಲಸ ಮಾಡಿದ್ದೀರಾ, ಯಾರಿಗಾದರೂ ಚಿತ್ರಹಿಂಸೆ ಕೊಟ್ಟಿದ್ದೀರಾ ಎಂದು ವಿಜಿ ಎರಡೆರಡು ಸಲ ಓದಿ ಕೇಳಿದ್ದ ಆ ಎರಡು ಪ್ರಶ್ನೆಗಳ ಮುಂದೆ, ಅವರೇ ಹೇಳಿ ಹಾಕಿಸಿದ ಎರಡು 'ನೋ'ಗಳಿದ್ದವು.