ರೊಟ್ಟಿಯ ಸಪ್ಪಳ

“ಮನಿ, ನೌಕರಿ ಎರಡನ್ನೂ ಸರಿತೂಗಿಸೋದು ಭಾಳ ಸರಳ ಅದ,” ಎಂದು ಲ್ಯಾಪ್‌ಟಾಪಿನಲ್ಲಿ ನೌಕರಿ ಮಾಡುವ ಹೆಣ್ಣುಮಕ್ಕಳಿಗೆ ಆನ್‌ಲೈನ್ ತರಬೇತಿ ಕೊಡುತ್ತಿದ್ದ ಶಿರೀಷ, ಮೈಕ್ ಬಂದ್ ಮಾಡುವುದನ್ನು ಮರೆತು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಗದರಿದ: “ಗೌತಮಿ, ರೊಟ್ಟಿ ಬಡಿಯೋದು ನಿಲ್ಲಸು! ಆ ಸಪ್ಪಳದಾಗ ನನ್ನ ಮಾತು ಯಾರಿಗೂ ಕೇಳವಲ್ದು.”

ಬಡಿತ ನಿಂತಿತು. ಶಾಲೆಗೆ ಪಾಠ ಮಾಡಲು ಹೊರಡಬೇಕಿದ್ದ ಗೌತಮಿ ಹಿಟ್ಟಿನ ಪರಾತ ತಂದು ಅವನ ಮೇಜಿನ ಮೇಲೆ ಕುಕ್ಕಿದಳು.

“ಹಂಚು ಕಾದದ. ನಿಮಗ, ಅತ್ತಿಯವರಿಗೆ, ಮಕ್ಕಳಿಗೆ ಆಗೋವಷ್ಟು ನೀವ ಬಡೀರಿ. ಇಷ್ಟು ದಿನಾ ಬಾಯಿಲೆ ಹೇಳೀರಿ, ಇವತ್ತ ಕೈಲೆ ಮಾಡಿ ತೋರಸ್ರಿ. ನನಗ ಕುಳಗೇರಿ ಬಸ್ಸಿಗೆ ಹೊತ್ತಾತು.”

ಬಾಗಿಲು ಧಡ್ ಎಂದಿತು. ಅಲ್ಲಿಯವರೆಗೆ ಮುಖ ತೋರಿಸದೆ ಕೂತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕ್ಯಾಮೆರಾ ಹಚ್ಚಿದರು.

“ಬಡೀರಿ ಸರ,” ಎಂದಳು ಇಳಕಲ್ಲಿನ ಒಬ್ಬಾಕೆ, “ನಾವೂ ನೋಡ್ತೇವಿ.”